ರೇವತೀದ್ವೀಪ: ಮಂಗಲೇಶನು ಕಂಡ ಕಡಲು

ನಮ್ಮ ಮಲಪ್ರಭೆ ಕಡಲಿಗೆ ಬೆನ್ನು ಮಾಡಿ ಹರಿಯುವ ನದಿ. ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟು ಸಮೀಪದಲ್ಲಿ ಹುಟ್ಟಿಯೂ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ನದಿಯ ಕಣಿವೆಯಲ್ಲಿ ಬೆಳೆದ ಬಾದಾಮಿಯ ಚಾಲುಕ್ಯರಿಗೆ ಕಡಲಿನ ನಂಟು ಹೇಗೆ ಬಂತು? ತರಗತಿಯಲ್ಲಿ ಇಮ್ಮಡಿ ಪುಲಿಕೇಶಿ, ಹರ್ಷವರ್ಧನ, ನರ್ಮದೆ ಇವುಗಳನ್ನು ಹೇಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಈ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು.

ಉತ್ತರ ಮಾತ್ರ ನಮ್ಮ ಮನೆಯಂಗಳದಲ್ಲೇ ಇದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿಯು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ಬರೆಸಿದ ಸಂಸ್ಕೃತ ಶಾಸನವಿದೆ. ಪುಲಿಕೇಶಿಯ ಚಿಕ್ಕಪ್ಪ ಮಂಗಲೇಶನು ರೇವತೀದ್ವೀಪವನ್ನು ಮುತ್ತಿದನೆಂದೂ, ಕಡಲ ನೀರಿನಲ್ಲಿ ಪ್ರತಿಬಿಂಬಿಸಿದ ಆತನ ಸೇನೆಯು ಅಪ್ಪಣೆಯಾದೊಡನೆ ಬಂದ ವರುಣನ ಸೇನೆಯಂತೆ ಕಂಡಿತೆಂದೂ ಕವಿ ವರ್ಣಿಸುತ್ತಾನೆ. ಈ ರೇವತೀದ್ವೀಪವನ್ನು ವಿದ್ವಾಂಸರು ಇಂದಿನ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ರೇಡಿ ಎಂಬ ಹಳ್ಳಿಯೆಂದು ಗುರುತಿಸಿದ್ದಾರೆ.

ನಿವೃತ್ತಿಯ ನಂತರ ನಾನು ರೇಡಿಗೆ ಹೋಗಿಬಂದೆ. ತೆಂಗಿನ ತೋಟಗಳ ಆಚೆ ಉದ್ದನೆಯ ಮರಳು ದಂಡೆ. ಜನರಿಲ್ಲ, ಅಲೆಗಳ ಸದ್ದೊಂದೇ. ದ್ವೀಪವೆಲ್ಲಿ ಎಂದು ಕೇಳಬೇಡಿರಿ. ಕಡಲಿಗೂ ಹಿನ್ನೀರಿಗೂ ನಡುವೆ ಚಾಚಿದ ನೆಲವನ್ನೂ ಹಿಂದಿನವರು ದ್ವೀಪವೆಂದು ಕರೆದಿರಬಹುದೆಂದು ನನ್ನ ಊಹೆ. ಅಲ್ಲಿ ಪಾಳುಬಿದ್ದಿರುವ ಯಶವಂತಗಡದ ಕೆಂಪು ಕಲ್ಲಿನ ಗೋಡೆಗಳು ಚಾಲುಕ್ಯರವಲ್ಲ, ಬಹಳ ಈಚಿನವು. ನಮ್ಮ ಮರಳುಗಲ್ಲಿನ ನಾಡಿನಿಂದ ಹೋದವರಿಗೆ ಹಿಡಿದು ತೋರಿಸಲು ಅಲ್ಲಿ ಒಂದು ಕಂಬವೂ ಇಲ್ಲ.

ಆದರೆ ತಾಮ್ರಪಟವಿದೆ. ಶಕ 532ರ (ಕ್ರಿ.ಶ. 610-11) ಗೋವಾ ತಾಮ್ರಶಾಸನದಲ್ಲಿ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನೆಂಬ ಅಧಿಕಾರಿ ರೇವತೀದ್ವೀಪದಲ್ಲಿದ್ದು ನಾಲ್ಕು ವಿಷಯಗಳನ್ನು ಆಳುತ್ತಿದ್ದನೆಂಬ ಮಾತು ಬರುತ್ತದೆ. ಗೆದ್ದು ಕೊಳ್ಳೆಹೊಡೆದು ಬಿಟ್ಟುಬಂದ ಊರಲ್ಲ ಅದು, ಆಡಳಿತದ ನೆಲೆಯಾಗಿತ್ತು. ಮುಂದೆ ಪುಲಿಕೇಶಿಯು ನೂರಾರು ಹಡಗುಗಳಿಂದ ಪಡುಗಡಲಿನ ಪುರಿಯನ್ನು ಮುತ್ತಿದುದನ್ನೂ ರವಿಕೀರ್ತಿಯೇ ಹೇಳುತ್ತಾನೆ. ಪುರಿ ಯಾವುದೆಂಬುದರಲ್ಲಿ ಒಮ್ಮತವಿಲ್ಲ. ಮುಂಬಯಿಯ ಬಳಿಯ ಘಾರಾಪುರಿ ಎಂಬುದು ಒಂದು ಅಭಿಪ್ರಾಯ. ದಕ್ಷಿಣದಲ್ಲಿ ರೇವತಿಯಂತಹ ನೆಲೆ ಮೊದಲೇ ಕೈಸೇರಿರದಿದ್ದರೆ ಆ ನೌಕಾಯಾತ್ರೆ ಸುಲಭವಾಗುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಮಂಗಲೇಶನನ್ನು ನಾವು ಮಕ್ಕಳಿಗೆ ಪರಿಚಯಿಸಿದ್ದು ಒಂದೇ ವಾಕ್ಯದಲ್ಲಿ: ಅಣ್ಣನ ಮಗನಿಗೆ ಸಲ್ಲಬೇಕಾದ ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಹೋಗಿ ಪ್ರಾಣ ಕಳೆದುಕೊಂಡವನು. ಅದು ಸುಳ್ಳಲ್ಲ, ಅದೇ ಶಾಸನದಲ್ಲಿದೆ. ಆದರೆ ಆತನನ್ನು ಕೊನೆಗಾಣಿಸಿದ ಪುಲಿಕೇಶಿಯ ಆಸ್ಥಾನಕವಿಯೇ ಆತನ ಕಡಲ ಗೆಲುವನ್ನು ಮರೆಮಾಚಲಿಲ್ಲ. ನಮ್ಮ ಪಠ್ಯಪುಸ್ತಕಗಳಿಗಿಂತ ರವಿಕೀರ್ತಿ ಈ ವಿಷಯದಲ್ಲಿ ಉದಾರಿ. ಬಾದಾಮಿಯ ಮೂರನೆಯ ಗುಹೆಯನ್ನು ಕ್ರಿ.ಶ. 578ರಲ್ಲಿ ವಿಷ್ಣುವಿಗೆ ಅರ್ಪಿಸಿದವನೂ ಇದೇ ಮಂಗಲೇಶ. ಆಗ ಆತನಿನ್ನೂ ಅರಸನಾಗಿರಲಿಲ್ಲ, ಅಣ್ಣ ಕೀರ್ತಿವರ್ಮನು ಆಳುತ್ತಿದ್ದನು.

ಬೆಳಗಾವಿಯಿಂದ ಅಂಬೋಲಿ ಘಟ್ಟವನ್ನಿಳಿದು ಸಾವಂತವಾಡಿಯ ಮೇಲೆ ರೇಡಿಗೆ ಹೋಗಬಹುದು. ಮಳೆಗಾಲವನ್ನು ಬಿಟ್ಟು ಹೋಗುವುದು ಲೇಸು.