ಕಾಯಕಪ್ರೀತಿಯೇ ಭಕ್ತಿಯಾದ ಬಗೆ

ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನವರು ಕೆರೆಯ ದಡದಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮದಾಸೋಹ ನಡೆಸುತ್ತಿದ್ದರು. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕಳಚಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮೇಲ್ನೋಟಕ್ಕೆ ಇದು ಲಿಂಗಕ್ಕೆ ತೋರಿದ ಅನಾದರವೆಂದು ಕಾಣಬಹುದು. ಆದರೆ ದಾಸೋಹಕ್ಕೆ ತಡವಾಗಬಾರದೆಂಬ ತವಕ ಅದರೊಳಗಿದೆ. ಮಾಡುವ ಕೆಲಸದ ಮೇಲಿನ ಪ್ರೀತಿ ಯಾವಾಗ ಬರಿಯ ವ್ಯಾಮೋಹವಾಗಿ ಉಳಿಯುತ್ತದೆ, ಯಾವಾಗ ಭಕ್ತಿಯಾಗುತ್ತದೆ ಎಂಬ ಪ್ರಶ್ನೆಯನ್ನು ಈ ಪ್ರಸಂಗ ಸಾಧಕರ ಮುಂದಿಡುತ್ತದೆ. ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ತಮ್ಮ ಬದುಕಿನಿಂದಲೇ ಉತ್ತರವಿತ್ತವರು ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ಕಾನೂನು ಓದಿ, ವಿಜಾಪುರದಲ್ಲಿ (ಇಂದಿನ ವಿಜಯಪುರ) ವಕೀಲಿ ವೃತ್ತಿಯನ್ನು ಕೈಗೊಂಡರು. ವೃತ್ತಿಯಲ್ಲಿ ಹೆಸರೂ ಹಣವೂ ದೊರೆಯುವಂತಿತ್ತು. ಆದರೆ ಅವರ ಮನಸ್ಸು ನೆಲೆನಿಂತದ್ದು ತಾಡೋಲೆಗಳಲ್ಲಿ. ಆ ಕಾಲದಲ್ಲಿ ವಚನಗಳ ಕಟ್ಟುಗಳು ಮನೆ ಮನೆಗಳ ಜಗಲಿಯ ಮೇಲೆ ವಸ್ತ್ರದಲ್ಲಿ ಸುತ್ತಿ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ವಿಭೂತಿ ಪತ್ರೆಗಳು ಏರುತ್ತಿದ್ದಂತೆಯೇ ಒಳಗೆ ಹುಳುಗಳು ಗರಿಗಳನ್ನು ತಿನ್ನುತ್ತಿದ್ದವು. ಹಳಕಟ್ಟಿಯವರು ಊರೂರು ತಿರುಗಿ ಅಂಥ ಕಟ್ಟುಗಳನ್ನು ಬೇಡಿ ತಂದರು, ಪ್ರತಿ ಮಾಡಿದರು, ಪಾಠಗಳನ್ನು ಹೋಲಿಸಿ ನೋಡಿದರು.

ಹೀಗೆ ಸಿದ್ಧವಾದ 'ವಚನಶಾಸ್ತ್ರಸಾರ'ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಅಚ್ಚು ಹಾಕದೆ ಹಿಂದಿರುಗಿಸಿತು. ಹಳಕಟ್ಟಿಯವರು ಧೃತಿಗೆಡಲಿಲ್ಲ. ಗ್ರಂಥದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯ ಸಾಗದೆಂದು ಅರಿತು, ಇದ್ದ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಸ್ವಂತ ಮನೆಯಿಲ್ಲದೆ ಬಾಡಿಗೆಯ ಮನೆಯಲ್ಲಿ ಬಾಳಿದರೂ ಅವರ ಮುದ್ರಣಾಲಯದ ಕೆಲಸ ನಿಲ್ಲಲಿಲ್ಲ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ವಕೀಲಿಯನ್ನು ಹಿಂದೆ ಸರಿಸಿ, ಮನೆಯನ್ನು ಮಾರಿ ಈ ಕಾರ್ಯಕ್ಕೆ ನಿಂತವರಿಗೆ ಬಲವಾಗಿದ್ದುದು ಯಾವುದು? ಫಲದ ಆಸೆಯಾಗಿದ್ದರೆ ಹಸ್ತಪ್ರತಿ ಮರಳಿದ ದಿನವೇ ಅವರು ಕೈಬಿಡುತ್ತಿದ್ದರು. ಕೇವಲ ಗರಿಗಳ ಮೇಲಿನ ಮೋಹವಾಗಿದ್ದರೆ ಸಂಗ್ರಹಿಸಿ ತಮ್ಮ ಕಪಾಟಿನಲ್ಲಿಟ್ಟು ತೃಪ್ತರಾಗುತ್ತಿದ್ದರು. ದೊರೆತುದನ್ನು ಎಲ್ಲರಿಗೂ ಉಣಬಡಿಸುವವರೆಗೆ ಅವರಿಗೆ ನೆಮ್ಮದಿಯಿರಲಿಲ್ಲ. ಚಂದಯ್ಯನವರ ಹಗ್ಗ ದಾಸೋಹದಲ್ಲಿ ಸಾರ್ಥಕವಾದಂತೆ, ಹಳಕಟ್ಟಿಯವರ ಶ್ರಮ ಜ್ಞಾನದಾಸೋಹದಲ್ಲಿ ಸಾರ್ಥಕವಾಯಿತು. ಕಾಯಕಪ್ರೀತಿ ಭಕ್ತಿಯಾಗುವುದು ಇಲ್ಲಿಯೇ.

ಅವರ ಜನ್ಮದಿನವಾದ ಜುಲೈ 2ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತಿದೆ. ಹಗ್ಗ ಹೊಸೆದವರ, ಅಕ್ಕಿ ಆಯ್ದವರ, ದೋಣಿ ನಡೆಸಿದವರ ನುಡಿಗಳು ಇಂದು ಅಚ್ಚಾದ ಪುಸ್ತಕವಾಗಿ ದೊರೆಯುತ್ತವೆ. ಆ ಪುಸ್ತಕವನ್ನೂ ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಪೂಜಿಸಿದರೆ ಸಾಲದು. ದಿನಕ್ಕೊಂದು ವಚನವನ್ನಾದರೂ ಓದಿ, ತಮ್ಮ ತಮ್ಮ ಕಾಯಕದಲ್ಲಿ ಅದನ್ನು ಕಾಣುವುದು ಭಕ್ತರ ಕರ್ತವ್ಯ.