ಅಥಣಿ-ನಿಪ್ಪಾಣಿ ಸೀಮೆಯಲ್ಲಿ ಕಸುಬಿನ ಕಲಿಕೆ: ಒಂದು ಐತಿಹಾಸಿಕ ಅವಲೋಕನ

ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಗ್ರಾಮೀಣ ಕುಟುಂಬಗಳಲ್ಲಿ ಒಂದೇ ಪ್ರಶ್ನೆ ತಲೆದೋರುತ್ತದೆ: ಮಗನನ್ನು ಕಾಲೇಜಿಗೆ ಕಳಿಸುವುದೋ, ಕಸುಬಿಗೆ ಹಚ್ಚುವುದೋ? ಒಂದು ಕಾಲಕ್ಕೆ ಈ ಭಾಗದವರು ಪದವಿಗಾಗಿ ಮುಂಬಯಿ ವಿಶ್ವವಿದ್ಯಾಲಯವನ್ನೇ ಆಶ್ರಯಿಸಬೇಕಾಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪನೆಗೊಂಡು ಪದವಿ ಹತ್ತಿರಕ್ಕೆ ಬಂದಿತು. ಉದ್ಯೋಗ ಮಾತ್ರ ಅಷ್ಟು ಹತ್ತಿರ ಬರಲಿಲ್ಲ. ಆದಕಾರಣ ಕೈಕಸುಬನ್ನು ಕಲಿಯಿರೆಂಬ ಉಪದೇಶವು ಈಗ ಎಲ್ಲೆಡೆ ಕೇಳಿಬರುತ್ತಿದೆ. ಈ ಉಪದೇಶ ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಅರಿಯಲು ನಮ್ಮ ಸೀಮೆಯ ಇತಿಹಾಸವನ್ನೊಮ್ಮೆ ಅವಲೋಕಿಸುವುದು ಒಳ್ಳೆಯದು.

ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಅವುಗಳಿಂದ ಬೇರ್ಪಟ್ಟು ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳು ಕೃಷ್ಣಾ, ದೂಧಗಂಗಾ ನದಿಗಳ ಆಸುಪಾಸಿನ ಗಡಿನಾಡು. ಲೋಕವು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯು ಕೊಲ್ಹಾಪುರದಲ್ಲಿ ಮಾತ್ರವಲ್ಲ, ಅಥಣಿ, ನಿಪ್ಪಾಣಿಗಳ ಮನೆಮನೆಗಳಲ್ಲಿಯೂ ಸಿದ್ಧವಾಗುತ್ತ ಬಂದಿದೆ. ಡೋಹರರು ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಅದನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಅದರೊಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ರಸವನ್ನು ತುಂಬಿ ಹದಗೊಳಿಸುತ್ತಿದ್ದರು. ಸಮಗಾರರು ಆ ತೊಗಲನ್ನು ರಂಪಿಗೆಯಿಂದ ಕೊಯ್ದು, ಮೊಳೆಯ ಸಹಾಯವಿಲ್ಲದೆ ತೊಗಲಿನ ದಾರದಿಂದಲೇ ಹೊಲಿದು ಪಾದರಕ್ಷೆಯನ್ನು ಮಾಡುತ್ತಿದ್ದರು. ಮೇಲಿನ ನವುರಾದ ಹೆಣಿಕೆಯು ಬಹುಮಟ್ಟಿಗೆ ಸ್ತ್ರೀಯರ ಕೈಗೆಲಸ.

ಈ ವಿದ್ಯೆಯನ್ನು ಕಲಿಸಿದ ಶಾಲೆ ಯಾವುದು? ತಂದೆಯ ಮಗ್ಗುಲೇ ಶಾಲೆ. ಬಾಲಕನು ಮೊದಲು ತೊಗಲನ್ನು ನೆನೆಸುವುದನ್ನೂ ಬಳಿಕ ಬಡಿಯುವುದನ್ನೂ ಕಲಿಯುತ್ತಿದ್ದನು. ಕೈ ಪಳಗಿದ ಮೇಲೆಯೇ ರಂಪಿಗೆ ಅವನ ವಶಕ್ಕೆ ಬರುತ್ತಿತ್ತು. ಕೊಯ್ತ ತಪ್ಪಿದರೆ ತೊಗಲು ಹಾಳಾಗುವುದರಿಂದ ಅವನಿಗೆ ಎಚ್ಚರವೇ ಮೊದಲ ಪಾಠ. ಪುಸ್ತಕದಿಂದ ಬಾರದ ಸೂಕ್ಷ್ಮಜ್ಞಾನ ಇಲ್ಲಿತ್ತೆಂಬುದು ನಿರ್ವಿವಾದ. ಆದರೆ ಈ ಗುರುಕುಲಕ್ಕೆ ಎರಡು ಬಾಗಿಲುಗಳು ಇರಲಿಲ್ಲ. ಹೊರಗಿನವನಿಗೆ ಒಳಬರಲು ಬಾಗಿಲಿಲ್ಲ. ಒಳಗಿನವನಿಗೆ ಹೊರಹೋಗಲು ಬಾಗಿಲಿಲ್ಲ. ಕಲಿಕೆಗೆ ವೇತನವಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಊರಿನ ಆಯಗಾರನಾಗಿ ಸುಗ್ಗಿಯಲ್ಲಿ ದೊರೆಯುವ ಕಾಳೇ ಅವನ ಪ್ರತಿಫಲವಾಗಿತ್ತು.

ಸರಕಾರವು ಕಸುಬಿನ ಕಲಿಕೆಗೆ ಕಾನೂನಿನ ರೂಪ ಕೊಟ್ಟದ್ದು 1850ರಷ್ಟು ಹಿಂದೆ. ಆ ವರ್ಷದ ಕಾಯಿದೆಯು ಹತ್ತರಿಂದ ಹದಿನೆಂಟು ವಯಸ್ಸಿನೊಳಗಿನ ಮಕ್ಕಳನ್ನು ಏಳು ವರ್ಷಗಳಿಗೆ ಮೀರದಂತೆ ಒಬ್ಬ ಯಜಮಾನನ ಬಳಿ ಕರಾರಿನಿಂದ ಇರಿಸಲು ಅವಕಾಶವಿತ್ತಿತು. ವಿಶೇಷವಾಗಿ ಅನಾಥ ಹಾಗೂ ದರಿದ್ರ ಮಕ್ಕಳನ್ನು ಉದ್ದೇಶಿಸಿದ ಕಾಯಿದೆ ಅದು. ಏಳೇ ವರ್ಷಗಳಲ್ಲಿ, 1857ರಲ್ಲಿ, ಮುಂಬಯಿ ವಿಶ್ವವಿದ್ಯಾಲಯವೂ ಹುಟ್ಟಿತು. ವಿಶ್ವವಿದ್ಯಾಲಯವು ಅನುಕೂಲಸ್ಥರಿಗೆ, ಕಸುಬು ನಿರ್ಗತಿಕರಿಗೆ ಎಂಬ ಭೇದಭಾವವು ಅಂದೇ ಬೇರೂರಿತೆನ್ನಬಹುದು.

ಈ ಭೇದವನ್ನು ಅಲುಗಾಡಿಸಿದ ಪ್ರಯತ್ನವೂ ನಮ್ಮ ನೆರೆಯಲ್ಲಿಯೇ ನಡೆಯಿತು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು; ಮರುವರ್ಷ, ಹುಟ್ಟಿದವನನ್ನು ಹುಟ್ಟಿನ ಕಸುಬಿಗೇ ಕಟ್ಟಿಹಾಕುತ್ತಿದ್ದ ಬಲೂತಿ ಪದ್ಧತಿಯನ್ನು ತೊಡೆದುಹಾಕಿದರು. 1925ರಲ್ಲಿ ನಿಪ್ಪಾಣಿಯಲ್ಲಿ ಜರುಗಿದ ಬಹಿಷ್ಕೃತರ ಪರಿಷತ್ತಿಗೆ ಡಾ. ಅಂಬೇಡ್ಕರರು ಬಂದಿದ್ದರು. ಕಸುಬಿನ ಮನೆಗಳಿಂದ ಹೊರಬಂದ ಮೊದಲ ತಲೆಮಾರಿಗೆ ಅಕ್ಷರವೆಂದರೆ ಬರಿಯ ನೌಕರಿಯಲ್ಲ, ಬಿಡುಗಡೆ ಎಂಬುದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಇದನ್ನು ಗ್ರಹಿಸದೆ ನಾನೇ ಒಮ್ಮೆ ಎಡವಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಸಾಧಾರಣ ಅಂಕಗಳಿಂದ ತೇರ್ಗಡೆಯಾದಾಗ, ಮನೆಯ ಕಸುಬನ್ನೇ ಚೆನ್ನಾಗಿ ಕಲಿಯಲೆಂದು ಅವನ ತಂದೆಗೆ ಹೇಳಿದೆ. ಚಪ್ಪಲಿ ಹೊಲಿಯುತ್ತಿದ್ದ ಆ ಹಿರಿಯರು ತಲೆಯೆತ್ತದೆ, “ಮಾಸ್ತರ, ಸಾವಕಾರ ಮಗಾನೂ ಇಷ್ಟ ಮಾರ್ಕ್ಸ ತಗೊಂಡಾನ. ಅವರ ಮನಿಗಿ ಹೋಗಿ ಹಿಂಗ ಹೇಳಿ ಬಂದೀರೇನ್ರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕಸುಬಿನ ಘನತೆಯನ್ನು ಕುರಿತು ತರಗತಿಯಲ್ಲಿ ಶರಣರ ನಿದರ್ಶನಗಳನ್ನು ಕೊಡುತ್ತಿದ್ದ ನಾನು, ಆ ಘನತೆಯನ್ನು ಬಡವನ ಮಗನಿಗೆ ಮಾತ್ರ ಹಂಚುತ್ತಿದ್ದೆ.

ಶರಣರ ಮಾರ್ಗ ಅದಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮೊದಲಾದವರು ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಕಾಯಕವು ಕೀಳಲ್ಲವೆಂಬುದು ಅವರ ಬೋಧೆಯ ಅರ್ಧಭಾಗ. ಜನ್ಮವು ಮನುಷ್ಯನ ಎಲ್ಲೆಯಲ್ಲವೆಂಬುದು ಇನ್ನರ್ಧ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಯಿತೆಂಬ ಪರಂಪರೆಯ ಕಥನವು ಈ ಎರಡನೆಯ ಅರ್ಧಕ್ಕಾಗಿ ತೆತ್ತ ಬೆಲೆಯನ್ನು ನೆನಪಿಸುತ್ತದೆ. ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಎರಡನೆಯದನ್ನು ಬಿಟ್ಟರೆ ಕಾಯಕತತ್ತ್ವವು ಹಳೆಯ ಸಂಕೋಲೆಗೆ ಹೊಸ ಬಣ್ಣವಾದೀತು.

ಸ್ವತಂತ್ರ ಭಾರತದ 1961ರ ಅಪ್ರೆಂಟಿಸ್ ಕಾಯಿದೆಯು ಈ ದೃಷ್ಟಿಯಿಂದ ಗಮನಾರ್ಹ. ಕನಿಷ್ಠ ವಯಸ್ಸು ಹದಿನಾಲ್ಕು, ಲಿಖಿತ ಕರಾರು, ತಿಂಗಳ ಭತ್ಯೆ ಇವು ಅದರ ಮುಖ್ಯಾಂಶಗಳು. 1973ರ ತಿದ್ದುಪಡಿಯು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸ್ಥಾನಗಳನ್ನು ಕಾಯ್ದಿರಿಸಿತು. 2019ರ ನಿಯಮಗಳು ವಿದ್ಯಾರ್ಹತೆಗೆ ಅನುಗುಣವಾಗಿ ಕನಿಷ್ಠ ಭತ್ಯೆಯನ್ನು 5,000ದಿಂದ 9,000 ರೂಪಾಯಿಗಳವರೆಗೆ ಗೊತ್ತುಪಡಿಸಿದವು. ಆದರೆ ಅದೇ ನಿಯಮಗಳಂತೆ ಮೂವತ್ತು ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಮಾತ್ರ ಇದು ಕಡ್ಡಾಯ. ನಾಲ್ವರಿಗಿಂತ ಕಡಿಮೆ ಜನರಿರುವಲ್ಲಿ ಪ್ರವೇಶವೇ ಇಲ್ಲ. 1939ರಲ್ಲಿ ಉಗಾರ ಖುರ್ದದಲ್ಲಿ ಆರಂಭವಾದಂಥ ಸಕ್ಕರೆ ಕಾರಖಾನೆಯ ಯಂತ್ರಶಾಲೆಯಲ್ಲಿ ಫಿಟ್ಟರ್ ಕೆಲಸ ಕಲಿಯುವವನಿಗೆ ಕಾನೂನಿನ ಆಸರೆಯುಂಟು. ಅಥಣಿಯ ಪಡಸಾಲೆಯಲ್ಲಿ ತಂದೆತಾಯಿಗಳೊಡನೆ ಕುಳಿತು ಚಪ್ಪಲಿ ಹೊಲಿಯಲು ಕಲಿಯುವವನಿಗೆ ಅದಿಲ್ಲ. ಇಬ್ಬರದೂ ವಿದ್ಯೆಯೇ, ಒಬ್ಬನದು ಶಿಕ್ಷಣ, ಇನ್ನೊಬ್ಬನದು ಬರಿಯ ದುಡಿತ ಎನಿಸಿಕೊಂಡಿದೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲವನ್ನು ಹೆಸರಿಸದೆ ಪ್ರದರ್ಶಿಸಿದಾಗ ಎದ್ದ ಕೋಲಾಹಲವು ವಾಚಕರಿಗೆ ನೆನಪಿರಬಹುದು. ಲೋಕವು ಬೆಲೆ ಕೊಡುವ ವಿದ್ಯೆಯನ್ನು ಕಲಿಸುವವನಿಗೆ ಗುರುವಿನ ಗೌರವಧನವೂ, ಕಲಿಯುವವನಿಗೆ ಭತ್ಯೆ ಹಾಗೂ ಮನ್ನಣೆಯುಳ್ಳ ಪ್ರಮಾಣಪತ್ರವೂ ಏಕಿರಬಾರದು? ಹತ್ತಾರು ಮನೆಗಳನ್ನು ಕೂಡಿಸಿ ಒಂದು ಸಹಕಾರಿ ಕಲಿಕೆಯ ಕೇಂದ್ರವೆಂದು ಗಣಿಸಿದರೆ ಕಾಯಿದೆಯ ಸಂಖ್ಯೆಯ ತೊಡಕೂ ನಿವಾರಣೆಯಾದೀತು.

ಕಸುಬಿನ ಕಲಿಕೆಯು ವಿಶ್ವವಿದ್ಯಾಲಯಕ್ಕೆ ಪರ್ಯಾಯವಾಗಬಲ್ಲದು; ಆದರೆ ಎರಡೂ ಬಾಗಿಲುಗಳು ತೆರೆದಿದ್ದಾಗ ಮಾತ್ರ. ಸಮಗಾರರ ಮಗಳು ಪದವೀಧರೆಯಾಗಲೂ, ಸಾಹುಕಾರರ ಮಗನು ರಂಪಿಗೆ ಹಿಡಿಯಲೂ ಸಂಕೋಚಪಡದ ದಿನ ಬರಬೇಕು. ಅಂದು ಆ ಹಿರಿಯರ ಪ್ರಶ್ನೆಗೆ ನಮ್ಮಂಥ ಮಾಸ್ತರರು ತಲೆಯೆತ್ತಿ ಉತ್ತರ ಕೊಡಬಹುದು.