ಹಿನ್ನೀರಿಗೆ ಗಾಳ ಹಾಕಲು ಹೊರಟಿದ್ದೀರಾ? ಮೊದಲು ಡ್ಯಾಂ ಮಟ್ಟ ನೋಡಿ, ಆಮೇಲೆ ಎರೆಹುಳ ಅಗೆಯಿರಿ

ಸಾಗರ: ಭಾನುವಾರ ಬಂತೆಂದರೆ ಬೈಕಿಗೆ ಬಿದಿರು ಕೋಲು ಕಟ್ಟಿಕೊಂಡು ಶರಾವತಿ ಹಿನ್ನೀರಿನ ಕಡೆ ಹೊರಡುವವರು ತಾಲೂಕಿನಲ್ಲಿ ಹಿಂದಿನಿಂದಲೂ ಇದ್ದಾರೆ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚ್‌ಗೆ ಕಾಯುವ ಕೆಲಸವೂ ತಪ್ಪಿದೆ. ದೂರದ ಊರಿನವರೂ ಕಾರಿನಲ್ಲೇ ತುಮರಿ ಕಡೆ ದಾಟಿಬಿಡ್ತಾರೆ. ದಾರಿ ಸಲೀಸಾಯ್ತು, ಆದರೆ ನೀರು ಹಳೇ ನೀರೇ. ಎಲ್ಲಿ ನಿಂತರೆ ಮೀನು, ಎಲ್ಲಿ ನಿಂತರೆ ಅಪಾಯ, ಎಲ್ಲಿ ನಿಂತರೆ ಕೇಸು ಅನ್ನೋದನ್ನು ಮನೆಯಲ್ಲೇ ತಿಳಿದುಕೊಂಡು ಹೊರಡುವುದು ಒಳ್ಳೇದು. ಮೊದಲ ಎರಡಕ್ಕೆ ಉತ್ತರ ಆ ದಿನದ ಡ್ಯಾಂ ಮಟ್ಟದಲ್ಲಿದೆ. ಮೂರನೆಯದಕ್ಕೆ ಉತ್ತರ ಇಲಾಖೆಯ ಕಚೇರಿಯಲ್ಲಿದೆ.

1819 ಅಡಿಯ ಲೆಕ್ಕ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದದ್ದು. ಗರಿಷ್ಠ ಮಟ್ಟ 1819 ಅಡಿ, ಸಾಮರ್ಥ್ಯ ಸುಮಾರು 151 ಟಿಎಂಸಿ. ತುಂಬಿದಾಗ ನೀರು 300 ಚದರ ಕಿಲೋಮೀಟರ್ ಆಸುಪಾಸು ಹರಡುತ್ತದೆ. ಸಾಗರ, ಹೊಸನಗರ ಎರಡೂ ತಾಲೂಕಿನ ಊರು, ಗದ್ದೆ, ತೋಟಗಳು ಇದರ ಅಡಿಯಲ್ಲಿವೆ. ಇದು ವಿದ್ಯುತ್ತಿಗಾಗಿ ಕಟ್ಟಿದ ಡ್ಯಾಂ. ಮಳೆಗಾಲದಲ್ಲಿ ಏರಿದ ನೀರು ಟರ್ಬೈನ್ ತಿರುಗಿಸಲು ಹೋಗ್ತಾ ಹೋಗ್ತಾ ಮೇ ಕೊನೆಯ ಹೊತ್ತಿಗೆ ತೀರಾ ಕೆಳಗಿಳಿಯುತ್ತದೆ.

ಹಾಗಾಗಿ ಅಕ್ಟೋಬರಿನಲ್ಲಿ ಗಾಳ ಹಾಕಿದ ಜಾಗಕ್ಕೆ ಏಪ್ರಿಲ್‌ನಲ್ಲಿ ಹೋದರೆ ನೀರೇ ಇರುವುದಿಲ್ಲ. ನೀರಿನ ಅಂಚು ಅಲ್ಲಿಂದ ಎಷ್ಟೋ ದೂರ ಸರಿದಿರುತ್ತದೆ. ನಡುವೆ ಇರುವುದು ಒಣಗಿದಂತೆ ಕಾಣುವ ಹೂಳು, ಕಪ್ಪಗೆ ನಿಂತ ಮರದ ಬೊಡ್ಡೆ. ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೂ ಎದ್ದು ಕಾಣುತ್ತದೆ.

ದಿನದ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ಇವತ್ತಿನ ಅಂಕಿ ಒಂದನ್ನೇ ನೋಡಿದರೆ ಸಾಲದು, ವಾರದ ಹಿಂದಿನದರ ಜೊತೆ ಹೋಲಿಸಬೇಕು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದೇ ಮುಖ್ಯ. ಏರುವ ನೀರು ಹೊಸ ಹುಲ್ಲು, ಪೊದೆ ಮುಳುಗಿಸುತ್ತದೆ. ಅಲ್ಲಿನ ಹುಳ ಹುಪ್ಪಟೆ ತಿನ್ನಲು ಮೀನು ದಡಕ್ಕೆ ಬರುತ್ತದೆ. ಇಳಿಯುವ ನೀರಿನಲ್ಲಿ ಮೀನು ದಡ ಬಿಟ್ಟು ಹಳೇ ಹೊಳೆಯ ಪಾತ್ರ, ಹಳ್ಳದ ಗುಂಡಿಗಳ ಕಡೆ ಸರಿಯುತ್ತದೆ.

ಯಾವ ತಿಂಗಳು, ಯಾವ ಮೀನು

ಮಳೆ ಕಡಿಮೆಯಾಗಿ ನೀರು ತಿಳಿಯಾಗುವ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ದಡದಿಂದ ಗಾಳ ಹಾಕುವವರಿಗೆ ಒಳ್ಳೇ ಕಾಲ. ಬೆಳಗಿನ ಹೊತ್ತು ಮತ್ತು ಸಂಜೆ ಮೀನು ಕಚ್ಚುವುದು ಜಾಸ್ತಿ. ಚಳಿ ಜೋರಿದ್ದ ದಿನ ಮಾತ್ರ ಬಿಸಿಲು ಏರುವ ತನಕ ಕಾಯಬೇಕಾಗುತ್ತದೆ.

ಕಾಟ್ಲಾ ಮೇಲ್ನೀರಿನ ಮೀನು. ಬಾಯಿ ಮೇಲ್ಮುಖವಾಗಿರುವುದೇ ಅದರ ಗುರುತು. ರೋಹು ನಡುನೀರಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವಂಥವು. ಬೆಂಡು ಎಲ್ಲಿ ಕಟ್ಟಬೇಕು ಅನ್ನೋದು ಇದರ ಮೇಲೆ ತೀರ್ಮಾನವಾಗುತ್ತದೆ. ಈ ಗೆಂಡೆ ಜಾತಿಗಳಿಗೆಲ್ಲ ಅಕ್ಕಿ ತೌಡು, ಕಡಲೆ ಹಿಂಡಿ, ಮೈದಾ ಕಲಸಿದ ಉಂಡೆ ಸಾಕು. ಜಿಲೇಬಿ ದಡದ ಹತ್ತಿರವೇ ಸಿಗುತ್ತದೆ. ಎರೆಹುಳ, ಸಣ್ಣ ಗಾಳ ಇದ್ದರೆ ಮಕ್ಕಳಿಗೂ ಬೀಳುತ್ತದೆ.

ಕೊರವ ಹುಲ್ಲು, ಜೊಂಡು ಇರುವ ಕಡೆ ಹೊಂಚು ಹಾಕುವ ಮೀನು. ಕೆಂಪು ಬಣ್ಣದ ಮರಿಗಳ ಹಿಂಡು ನೀರಿನ ಮೇಲೆ ಕುದಿದಂತೆ ಕಂಡರೆ ಅಲ್ಲಿ ಗಾಳ ಹಾಕಬಾರದು. ಮರಿ ಕಾಯುವ ಕೊರವ ಅಲ್ಲೇ ಕೆಳಗಿರುತ್ತದೆ. ಅದನ್ನು ಎತ್ತಿದರೆ ಉಳಿದ ಮೀನುಗಳು ಆ ಮರಿಗಳನ್ನು ತಿಂದು ಮುಗಿಸುತ್ತವೆ.

ಚೇಳು ಮೀನು ಬಿದ್ದರೆ ಬರಿಗೈಯಲ್ಲಿ ಹಿಡಿಯಬಾರದು. ಅದರ ರೆಕ್ಕೆ ಬುಡದ ಮುಳ್ಳಿಗೆ ವಿಷ ಇದೆ, ನೋವು ಭಯಂಕರ. ಚುಚ್ಚಿದ ಜಾಗವನ್ನು ತಡೆಯುವಷ್ಟು ಬಿಸಿನೀರಿನಲ್ಲಿ ಇಟ್ಟರೆ ನೋವು ಇಳಿಯುತ್ತದೆ. ಊತ ಬಂದರೆ ಆಸ್ಪತ್ರೆಗೆ ಹೋಗಬೇಕು.

ಹತ್ತುಮೀನಿನ ಕಾಲದ ಸಂಯಮ

ಮುಂಗಾರಿನ ಮೊದಲ ನೀರಿಗೆ ಮೀನು ಹಳ್ಳ ಹತ್ತಿ ಗದ್ದೆಯಂಚಿನವರೆಗೆ ಬರುವುದು, ರಾತ್ರಿ ಬ್ಯಾಟರಿ ಹಿಡಿದು ಕೂಣಿ ಒಡ್ಡಿ ಅದನ್ನು ಹಿಡಿಯುವುದು ಮಲೆನಾಡಿನ ಹಳೇ ರೂಢಿ. ಆದರೆ ಆಗ ಹತ್ತುವುದು ಮೊಟ್ಟೆ ತುಂಬಿದ ಮೀನು. ಒಂದು ದೊಡ್ಡ ಗೆಂಡೆಯ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಜೂನ್, ಜುಲೈ ಹೊತ್ತಿಗೆ ಒಳನಾಡಿನ ನೀರಿಗೂ ಮೀನುಗಾರಿಕೆ ನಿಷೇಧದ ಆದೇಶ ಹೊರಡುವುದುಂಟು. ಆ ವರ್ಷದ ದಿನಾಂಕವನ್ನು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಆ ಎರಡು ತಿಂಗಳು ಗಾಳ ಅಟ್ಟದ ಮೇಲಿದ್ದರೆ ದೀಪಾವಳಿ ಹೊತ್ತಿಗೆ ನೀರಲ್ಲಿ ಮೀನಿರುತ್ತದೆ.

ಯಾರನ್ನು ಕೇಳಬೇಕು?

ನೀರು ಸರ್ಕಾರದ್ದು, ಯಾರು ಬೇಕಾದರೂ ಗಾಳ ಹಾಕಬಹುದು ಅನ್ನೋ ಮಾತು ಹಳ್ಳಿಕಟ್ಟೆಯಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಪ್ರತ್ಯೇಕ ಕಾಯ್ದೆ ಇದೆ. ಕೆರೆ, ಜಲಾಶಯಗಳ ಮೀನಿನ ಹಕ್ಕನ್ನು ಇಲಾಖೆ ಗುತ್ತಿಗೆ ಅಥವಾ ಪರವಾನಗಿ ಮೂಲಕ ಕೊಡುತ್ತದೆ. ಇಲಾಖೆ ಬಿತ್ತನೆ ಮರಿ ಬಿಡುವ ನೀರಿನಲ್ಲಿ ಬಲೆ ಹಾಕಿ ಬದುಕುವ ಕುಟುಂಬಗಳಿವೆ. ಅವರ ಬಲೆ ಇರುವ ಜಾಗದಲ್ಲಿ ಗಾಳ ಎಸೆದು ದಾರ ಸಿಕ್ಕಿಸಿ, ಬಿಡಿಸಲು ಬಲೆ ಕೊಯ್ದರೆ ಅವರ ಒಂದು ವಾರದ ದುಡಿಮೆ ಹೋಯ್ತು. ದಡಕ್ಕೆ ಹೋದಾಗ ಮೊದಲು ಅವರನ್ನೇ ಮಾತಾಡಿಸಬೇಕು. ಬಲೆ ಎಲ್ಲಿದೆ, ಗುಂಡಿ ಎಲ್ಲಿದೆ ಎನ್ನುವುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಎರಡನೆಯದು ಕಾಡಿನ ವಿಚಾರ. 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ವಿಸ್ತಾರಗೊಂಡು ಸಿಂಗಳೀಕ ಅಭಯಾರಣ್ಯವಾಗಿ ಸುಮಾರು 930 ಚದರ ಕಿಲೋಮೀಟರ್ ಆಯಿತು. ಹಿನ್ನೀರಿನ ಪಶ್ಚಿಮದ ದಡಗಳಲ್ಲಿ ಬಹಳಷ್ಟು ಭಾಗ ಕಾಡಿಗೆ ಅಂಟಿಕೊಂಡೇ ಇದೆ. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಅನುಮತಿ ಇಲ್ಲದೆ ಹೋಗುವುದು, ರಾತ್ರಿ ಉಳಿಯುವುದು, ಬೆಂಕಿ ಹಾಕುವುದು ಎಲ್ಲವೂ ಕೇಸಿಗೆ ದಾರಿ. ಗಡಿ ಎಲ್ಲಿದೆ ಅನ್ನೋದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಹೇಳ್ತಾರೆ. ಫೋನ್‌ನಲ್ಲಿ ಮ್ಯಾಪ್ ನೋಡಿಕೊಂಡೆ ಅಂದರೆ ನಡೆಯುವುದಿಲ್ಲ.

ತೋಟೆ ಸಿಡಿಸುವುದು, ವಿಷ ಹಾಕುವುದು, ಕರೆಂಟ್ ಬಿಡುವುದು ಎಲ್ಲಿಯೂ ಅಪರಾಧ. ಮೀನಿನ ಜೊತೆ ಹಿಡಿಯಲು ಹೋದವರ ಕೈ, ಜೀವ ಹೋದ ಉದಾಹರಣೆಗಳೂ ಇವೆ.

ಜೀವ ಹೋಗುವುದು ಎಲ್ಲಿ?

ಈ ಹಿನ್ನೀರು ಕೆರೆಯಂತಲ್ಲ. ಕೆರೆಗೆ ಏರಿ ಇದೆ, ಮೆಟ್ಟಿಲಿದೆ, ಅಂಗಳ ಇದೆ. ಇಲ್ಲಿ ಮುಳುಗಿರುವುದು ಗುಡ್ಡ, ಕಣಿವೆ. ಮೊಣಕಾಲು ನೀರಿನಲ್ಲಿ ನಿಂತವರ ಮುಂದಿನ ಹೆಜ್ಜೆಗೆ ಹಳೇ ಬಾವಿಯೋ, ಧರೆಯೋ, ಹಳ್ಳದ ಪಾತ್ರವೋ ಸಿಗಬಹುದು. ನೀರಿನಡಿ ಬೊಡ್ಡೆಗಳಿವೆ, ಹಳೇ ಬಲೆಯ ಚೂರುಗಳಿವೆ. ಈಜು ಬಲ್ಲವರ ಕಾಲಿಗೂ ಬಲೆ ಸುತ್ತಿದರೆ ಈಜು ಉಪಯೋಗಕ್ಕೆ ಬರುವುದಿಲ್ಲ. ಗಾಳ ಸಿಕ್ಕಿಹಾಕಿಕೊಂಡರೆ ದಾರ ಕೊಯ್ಯಬೇಕು, ಬಿಡಿಸಲು ನೀರಿಗೆ ಇಳಿಯಬಾರದು. ಗಾಳದ ಬೆಲೆ ಹತ್ತಿಪ್ಪತ್ತು ರೂಪಾಯಿ.

ಬೇಸಿಗೆಯಲ್ಲಿ ಹೂಳಿನ ಅಪಾಯ. ಮೇಲೆ ಬಿರುಕು ಬಿಟ್ಟ ಮಣ್ಣು, ಕೆಳಗೆ ಸೊಂಟದವರೆಗೆ ಕೆಸರು. ದನಗಳ ಹೆಜ್ಜೆ ಇರುವ ದಾರಿ ಬಿಟ್ಟು ನಡೆಯಬಾರದು.

ಮಳೆಗಾಲದಲ್ಲಿ ನೀರು ದಿನಕ್ಕೆ ಒಂದೆರಡು ಅಡಿ ಏರುವುದೂ ಉಂಟು. ಅಷ್ಟೇ ತಾನೇ ಅನ್ನಿಸಬಹುದು. ಇಳಿಜಾರು ಕಡಿಮೆ ಇರುವ ಬಯಲಿನಲ್ಲಿ, 50 ಅಡಿಗೆ ಒಂದಡಿ ಇಳಿಜಾರಿದ್ದರೆ, ಎರಡಡಿ ಏರಿದ ನೀರು 100 ಅಡಿ ಒಳಗೆ ಬಂದಿರುತ್ತದೆ. ನಡುಗಡ್ಡೆಯಲ್ಲಿ ಟೆಂಟ್ ಹಾಕಿದವರಿಗೆ ಬೆಳಿಗ್ಗೆ ಬಂದ ದಾರಿಯೇ ಇರುವುದಿಲ್ಲ. ಡ್ಯಾಂ ಕೆಳಗಿನ ಹೊಳೆಯಲ್ಲಂತೂ ಬಂಡೆ ಮೇಲೆ ಕೂತು ಗಾಳ ಹಾಕುವ ಯೋಚನೆಯೇ ಬೇಡ. ಗೇಟ್ ತೆರೆದರೆ ಓಡಲು ಪುರುಸೊತ್ತು ಸಿಗುವುದಿಲ್ಲ.

ಮಧ್ಯಾಹ್ನದ ಮೇಲೆ ಬಯಲು ನೀರಿನಲ್ಲಿ ಗಾಳಿ ಎದ್ದರೆ ತೆಪ್ಪ, ಹರಿಗೋಲು ಹಿಡಿತಕ್ಕೆ ಸಿಗುವುದಿಲ್ಲ. ತೆಪ್ಪ ಹತ್ತುವುದಾದರೆ ಸ್ಥಳೀಯ ಮೀನುಗಾರರು ಜೊತೆಗಿರಬೇಕು, ಲೈಫ್ ಜಾಕೆಟ್ ಮೈಮೇಲೆ ಇರಬೇಕು. ಕೂರುವುದಕ್ಕೆ ದಿಂಬಾಗಿ ಹಾಕಿಕೊಂಡ ಜಾಕೆಟ್ ಯಾರನ್ನೂ ಉಳಿಸಿಲ್ಲ. ಮಾರ್ಚ್ ನಂತರ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ನೀರಿನಿಂದ, ಒಂಟಿ ಮರದಿಂದ ದೂರ ಹೋಗಬೇಕು.

ಉಣುಗಿನ ಎಚ್ಚರ

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಕಾಯಿಲೆ ನಮ್ಮ ತಾಲೂಕಿನ ಅರಳಗೋಡು ಭಾಗವನ್ನು ಕಾಡಿದ್ದು ಯಾರೂ ಮರೆತಿಲ್ಲ. ದಡಕ್ಕೆ ಹೋಗುವ ದಾರಿ ಕಾಡಂಚಿನದೇ ಆದ್ದರಿಂದ ಉದ್ದ ತೋಳು, ಉದ್ದ ಪ್ಯಾಂಟ್ ಹಾಕಬೇಕು. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು, ತರಗೆಲೆ ಮೇಲೆ ಮಲಗಬಾರದು. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು. ಹೋಗಿ ಬಂದ ವಾರದೊಳಗೆ ಜ್ವರ ಬಂದರೆ ಕಾಡಂಚಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಅಂಗಡಿಯವರು ಹೇಳಬಹುದಾದ ಮಾತು

ಹೊರಗಿನಿಂದ ಬಂದವರು ಗಾಳ, ದಾರ, ಬೆಂಡು, ಸೀಸದ ಗುಂಡು ಕೊಳ್ಳುವುದು ಪೇಟೆ ಅಂಗಡಿಯಲ್ಲೇ. "ಎಲ್ಲಿ ಹೋದ್ರೆ ಸಿಗುತ್ತೆ?" ಅಂತ ಕೇಳುವುದೂ ಅಲ್ಲೇ. ಇಲಾಖೆ, ಪೊಲೀಸ್, ಅರಣ್ಯದವರಿಗಿಂತ ಮೊದಲು ಅವರಿಗೆ ಸಿಗುವುದು ಅಂಗಡಿಯವರು. ದಾರ ಸುತ್ತಿ ಕೊಡುವಾಗ ನಾಲ್ಕು ಮಾತು ಹೇಳಿದರೆ ಸಾಕು: ನೀರಿಗೆ ಇಳೀಬೇಡಿ, ಅಭಯಾರಣ್ಯದ ಕಡೆ ಹೋಗಬೇಡಿ, ಕತ್ತಲಾಗುವ ಮೊದಲು ವಾಪಸ್ ಬನ್ನಿ, ತುಂಡಾದ ದಾರ ದಡದಲ್ಲಿ ಬಿಡಬೇಡಿ. ನೈಲಾನ್ ದಾರ ಮಣ್ಣಿನಲ್ಲಿ ಕರಗುವುದಿಲ್ಲ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೇಯುವ ದನದ ಹೊಟ್ಟೆಗೆ ಹೋಗುತ್ತದೆ. ಗಾಳದ ಪಕ್ಕದಲ್ಲಿ ಒಂದೆರಡು ಲೈಫ್ ಜಾಕೆಟ್ ಬಾಡಿಗೆಗೆ ಇಟ್ಟರೆ ವ್ಯಾಪಾರವೂ ಆಯ್ತು, ಉಪಕಾರವೂ ಆಯ್ತು.

ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ

• ಇವತ್ತಿನ ಡ್ಯಾಂ ಮಟ್ಟ, ವಾರದ ಹಿಂದಿನ ಮಟ್ಟ, ಮಳೆ ಮುನ್ಸೂಚನೆ.
• ಮೀನುಗಾರಿಕೆ ಇಲಾಖೆಯಲ್ಲಿ ನಿಷೇಧದ ದಿನ, ಪರವಾನಗಿ ವಿಚಾರಣೆ. ಕಾಡಂಚಾದರೆ ಅರಣ್ಯ ಇಲಾಖೆಯ ಅನುಮತಿ.
• ಒಬ್ಬರೇ ಹೋಗಬಾರದು. ಯಾವ ದಡ, ಎಷ್ಟು ಹೊತ್ತಿಗೆ ವಾಪಸ್ ಅನ್ನೋದನ್ನು ಮನೆಯಲ್ಲಿ ಹೇಳಿರಬೇಕು. ಕರೂರು, ತುಮರಿ ಭಾಗದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.
• ಲೈಫ್ ಜಾಕೆಟ್, 50 ಅಡಿ ಗಟ್ಟಿ ಹಗ್ಗ, ಬ್ಯಾಟರಿ, ಚಾಕು, ಇಕ್ಕಳ, ಕುಡಿಯುವ ನೀರು, ಐಸ್ ಡಬ್ಬಿ.
• ಗಾಳ ಕೈಗೆ ಆಳಕ್ಕೆ ನಾಟಿದರೆ ಎಳೆಯಬಾರದು. ದಾರ ಕೊಯ್ದು ಹಾಗೇ ಆಸ್ಪತ್ರೆಗೆ ಹೋಗಿ ಟಿ.ಟಿ. ಹಾಕಿಸಿಕೊಳ್ಳಬೇಕು.
• ಯಾರಾದರೂ ಮುಳುಗಿದರೆ ಹಿಂದೆಯೇ ಹಾರಬಾರದು. ಹಗ್ಗ, ಬಿದಿರು, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆದು ಕೂಗಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108.
• ಮನೆಗೆ ಬೇಕಾದಷ್ಟೇ ಮೀನು. ಅಂಗೈಗಿಂತ ಚಿಕ್ಕ ಗೆಂಡೆ ಮರಿ ಬಿದ್ದರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೇ ಬಿಡಬೇಕು.

ಒಂದು ದಿನ ಮೀನು ಬೀಳದಿದ್ದರೆ ನಷ್ಟವೇನಿಲ್ಲ. ಬುತ್ತಿ ಉಂಡು, ಗಾಳಿ ಕುಡಿದು ವಾಪಸ್ ಬಂದರಾಯ್ತು. ನೀರು ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ, ಮಟ್ಟ ಮಾತ್ರ ಮತ್ತೆ ನೋಡಿಕೊಂಡು ಹೋಗಬೇಕು.